ಬೋಡು (ಹುಟ್ಟಿನಿಂದಲೇ ಕೊಂಬಿಲ್ಲದ) ಹೋತಕ್ಕೆ ಬೋಡು ಮೇಕೆ ಕೂಡಿಸಿದರೆ ಆಗುವುದು ಇದೇ

ತಂದೆ ತಾಯಿ ಎರಡೂ ಬೋಡು, ಹೆಣ್ಣು ಅಂದುಕೊಂಡ ಮರಿ ವರ್ಷವಾದರೂ ಬೆದೆಗೆ ಬಂದಿಲ್ಲ, ಉಳಿದವುಗಳ ಮೇಲೆ ಹತ್ತುತ್ತದೆ ಅಂದಿದ್ದೀರಿ. ಮೇವು, ಖನಿಜ ಮಿಶ್ರಣ ಬದಲಿಸಿ ಪ್ರಯೋಜನವಿಲ್ಲ. ಬಾಲ ಎತ್ತಿ ನೋಡಿ: ಯೋನಿಯ ಕೆಳತುದಿಯಲ್ಲಿ ಬಟಾಣಿ ಕಾಳಿನಂಥ ಗಂಟು, ಗುದದಿಂದ ಯೋನಿಗೆ ಮಾಮೂಲಿಗಿಂತ ಹೆಚ್ಚು ಅಂತರ ಇದ್ದರೆ ಅದು ಬಹುಪಾಲು ದ್ವಿಲಿಂಗಿ, ಅಂದರೆ ಗಂಡು ಹೆಣ್ಣು ಎರಡರ ಲಕ್ಷಣವೂ ಬೆರೆತ ಮರಿ. ಗಬ್ಬ ಕಟ್ಟುವುದಿಲ್ಲ.

ಕಾರಣ ಒಂದನೇ ವರ್ಣತಂತುವಿನಲ್ಲಿದೆ. ಅಲ್ಲಿರುವ, ಕೊಂಬು ತಡೆಯುವ ಜೀನ್ ಬದಲಾವಣೆ ಪ್ರಬಲ. ಬೋಡಾಗಲು ತಂದೆ ಅಥವಾ ತಾಯಿಯಿಂದ ಒಂದು ಪ್ರತಿ ಸಾಕು. ಅದೇ ಬದಲಾವಣೆ ಎರಡು ಪ್ರತಿ ಬಂದರೆ ಎಕ್ಸ್‌ಎಕ್ಸ್ (ಹೆಣ್ಣಿನ ವರ್ಣತಂತು ಇರುವ) ಮರಿಯಲ್ಲಿ ಅಂಡಾಶಯ ಬೆಳೆಯುವ ದಾರಿಯೇ ಮುಚ್ಚಿ ವೃಷಣದ ಅಂಗಾಂಶ ಬೆಳೆಯುತ್ತದೆ. ಒಂದೊಂದು ಪ್ರತಿ ಇರುವ ಜೋಡಿ ಕೂಡಿದರೆ ಲೆಕ್ಕದ ಪ್ರಕಾರ 8 ಮರಿಗೆ 1 ಹೀಗೆ. ಹೋತದಲ್ಲೇ ಎರಡು ಪ್ರತಿ ಇದ್ದರೆ 4ಕ್ಕೆ 1. ಅಂಥ ಹೋತ ನೋಡಲು ಸರಿಯಾಗೇ ಇರುತ್ತದೆ, ಆದರೆ ಕೆಲವಕ್ಕೆ ವೀರ್ಯನಾಳ ಕಟ್ಟಿಕೊಳ್ಳುತ್ತದೆ.

ಗಂಡಿನ ಜೊತೆ ಅವಳಿಯಾಗಿ ಹುಟ್ಟಿದ್ದರೆ ಮಾತ್ರ ಫ್ರೀಮಾರ್ಟಿನ್ (ಗರ್ಭದಲ್ಲಿ ಗಂಡು ಅವಳಿಯ ರಕ್ತ ಬೆರೆತು ಬಂಜೆಯಾದ ಹೆಣ್ಣು) ಸಂಶಯ ಉಳಿಯುತ್ತದೆ. ರಕ್ತದ ವರ್ಣತಂತು ಪರೀಕ್ಷೆಯಲ್ಲಿ ಎಕ್ಸ್‌ಎಕ್ಸ್, ಎಕ್ಸ್‌ವೈ (ಗಂಡಿನದು) ಎರಡೂ ಕಂಡರೆ ಅದೇ.

ಮುಂದಕ್ಕೆ, ಜೋಡಿಯಲ್ಲಿ ಒಂದಕ್ಕಾದರೂ ಹುಟ್ಟುಕೊಂಬು ಇರಲಿ. ಮರಿಯಲ್ಲಿ ಕೊಂಬಿನ ಮೊಳಕೆ ಸುಟ್ಟ ಮೇಕೆಯನ್ನು ಬೋಡು ಅಂತ ಎಣಿಸಬೇಡಿ (ಈ ತಪ್ಪು ತುಂಬಾ ಜನ ಮಾಡುತ್ತಾರೆ). ಹುಟ್ಟಿದ ದಿನವೇ ನೆತ್ತಿ ನೋಡಿ: ಕೊಂಬು ಬರುವ ಮರಿಗೆ ಎರಡು ಸುಳಿ, ಅಲ್ಲಿ ಚರ್ಮ ಬೆರಳಿಗೆ ಜಾರುವುದಿಲ್ಲ.