ಎದುರು ಮನೆಗಿಲ್ಲದ ಮಸಿ ನಮ್ಮ ಮನೆಗೇಕೆ?

ಬೆಂಗಳೂರಿನ ಓದುಗರೊಬ್ಬರ ಪತ್ರ: ‘ನಮ್ಮದು 30 ಅಡಿ ರಸ್ತೆಯ ಪಶ್ಚಿಮ ಬದಿಯ ಮನೆ. ಎರಡೂ ಕಡೆ ನಾಲ್ಕು ಅಂತಸ್ತಿನ ಕಟ್ಟಡಗಳು ಎದ್ದಿವೆ. ಆಷಾಢದ ಅಷ್ಟು ಗಾಳಿಯಲ್ಲೂ ನಮ್ಮ ಕಿಟಕಿಗೆ ಮಸಿ ಕೂರುತ್ತದೆ, ಎದುರು ಮನೆಗೆ ಅಷ್ಟಿಲ್ಲ. ವಾಹನಗಳನ್ನು ಬಿಟ್ಟು ನೀವು ಯಾವಾಗಲೂ ಕಟ್ಟಡಗಳನ್ನೇ ಬೈಯುವುದೇಕೆ?’

ಸಂಪಾದಕರ ಉತ್ತರ:

ಹೊಗೆ ಉಗುಳುವುದು ವಾಹನಗಳೇ, ಒಪ್ಪಿದೆ. ಅವು ಕಡಿಮೆಯಾಗಲೇಬೇಕು. ಆದರೆ ಅದೇ ರಸ್ತೆ, ಅವೇ ಬೈಕು, ಅವೇ ಆಟೋ ಇರುವಾಗ ಮಸಿ ಮಾತ್ರ ನಿಮ್ಮ ಕಡೆಗೇ ಏಕೆ? ಎದುರು ಮನೆಯ ಕಿಟಕಿಯನ್ನೂ ಗಮನಿಸಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಮುಂಗಾರಿನಲ್ಲಿ ಬೆಂಗಳೂರಿಗೆ ಗಾಳಿ ಬರುವುದು ಪಶ್ಚಿಮದಿಂದ. ರಸ್ತೆ ಅಗಲವಾಗಿದ್ದು ಮನೆಗಳು ಗಿಡ್ಡವಾಗಿದ್ದರೆ ಅದು ರಸ್ತೆಗೂ ಇಳಿದು ಹೊಗೆಯನ್ನು ಗುಡಿಸಿಕೊಂಡು ಹೋಗುತ್ತದೆ. ಕಟ್ಟಡದ ಎತ್ತರ ರಸ್ತೆಯ ಅಗಲವನ್ನು ಮೀರಿತೋ, ಬಹುಪಾಲು ಗಾಳಿ ತಾರಸಿಗಳ ಮೇಲೇ ಹಾದುಹೋಗುತ್ತದೆ. ಇಳಿದ ಸ್ವಲ್ಪ ಗಾಳಿ ಎದುರು ಮನೆಯ ಗೋಡೆಗೆ ಬಡಿದು, ಕೆಳಗಿಳಿದು, ರಸ್ತೆಯ ಮೇಲೆ ಹಿಂದಕ್ಕೆ ಹರಿದು, ಹೊಗೆಯನ್ನೆಲ್ಲ ಬಾಚಿಕೊಂಡು ನಿಮ್ಮ ಗೋಡೆ ಹತ್ತುತ್ತದೆ. ನಮ್ಮ ಕಚೇರಿಯ ಬೀದಿಯಲ್ಲೂ ಇದೇ ಕತೆ. ಪಕ್ಕದ ತಾರಸಿಯಲ್ಲಿ ಒಣಹಾಕಿದ ಪಂಚೆ ಪೂರ್ವಕ್ಕೆ ಹಾರುತ್ತಿರುತ್ತದೆ. ಕೆಳಗೆ ಜೋಳದ ತೆನೆ ಸುಡುವ ಗಾಡಿಯ ಹೊಗೆ ಪಶ್ಚಿಮಕ್ಕೆ ಬಾಗಿ ಗೋಡೆ ಏರುತ್ತಿರುತ್ತದೆ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸುವಾಗ ಎದುರು ಮನೆಯವರ ಕಿಟಕಿ ನೋಡಿ, ಆಗ ಮಸಿ ಅವರ ಪಾಲಿಗೆ.

ಜರ್ಮನಿಯ ಸ್ಟುಟ್‌ಗಾರ್ಟ್ ಗುಡ್ಡಗಳ ನಡುವಿನ ತಗ್ಗಿನಲ್ಲಿರುವ ಊರು. ಗಾಳಿ ಓಡಾಡುವುದೇ ಕಡಿಮೆ. ಅಲ್ಲಿನ ನಗರಾಡಳಿತ 1938ರಲ್ಲೇ ಹವಾಮಾನ ತಜ್ಞರೊಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ತೀರ್ಮಾನಿಸಿತು! ರಾತ್ರಿ ಗುಡ್ಡದಿಂದ ತಂಪು ಗಾಳಿ ಇಳಿದು ಬರುವ ದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಲ್ಲಿ ಅಡ್ಡ ಕಟ್ಟಡ ಏಳದಂತೆ ನೋಡಿಕೊಳ್ಳುತ್ತಾರೆ. ಹಾಂಗ್‌ಕಾಂಗ್‌ಗೆ ಬುದ್ಧಿ ಬಂದಿದ್ದು ತಡವಾಗಿ. ಕಡಲ ತೀರದಲ್ಲಿ ಒತ್ತೊತ್ತಾಗಿ ಎತ್ತರದ ಕಟ್ಟಡ ಎಬ್ಬಿಸಿ ಸಮುದ್ರದ ಗಾಳಿಯನ್ನೇ ತಡೆದರು. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕಿಗೆ ಅಲ್ಲಿ 299 ಜನ ಬಲಿಯಾದ ಮೇಲೆ ಗಾಳಿಯ ಚರ್ಚೆ ಶುರುವಾಯಿತು. 2006ರಿಂದ ದೊಡ್ಡ ಸರ್ಕಾರಿ ಯೋಜನೆಗಳು ಗಾಳಿ ಓಡಾಟಕ್ಕೆ ಏನು ಮಾಡುತ್ತವೆ ಎಂದು ಮೊದಲೇ ಪರೀಕ್ಷಿಸುತ್ತಾರೆ.

ನಮ್ಮಲ್ಲಿ? ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಜಾಗ, ಬಿಡಿ ಅಂತ ಒಂದು ನಿಯಮ. ಬಿಡದವರಿಂದ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಿಕೊಡಲು 2014ರಲ್ಲಿ ಇನ್ನೊಂದು ನಿಯಮ. ಮನೆಗಳಾದರೆ ಶೇ 50ರವರೆಗಿನ ಉಲ್ಲಂಘನೆಗೂ ದಾರಿ ಮಾಡಿಕೊಟ್ಟರು. 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಒಬ್ಬರು ದಂಡ ಕಟ್ಟಿದ ಮಾತ್ರಕ್ಕೆ ಅವರ ಹಿಂದಿನ ಮನೆಗೆ ಗಾಳಿ ಬರುತ್ತದಾ? ನಿಮ್ಮ ಸ್ಕೂಟರಿಗೆ ಎಮಿಷನ್ ಸರ್ಟಿಫಿಕೇಟ್ ಕೇಳುತ್ತಾರೆ. ಬೀದಿಯ ಎರಡೂ ಕಡೆ ಗೋಡೆಗೆ ಗೋಡೆ ಅಂಟಿಸಿ ಕಟ್ಟುವವರನ್ನು ಹೊಗೆ ಎಲ್ಲಿಂದ ಹೊರಗೆ ಹೋಗಬೇಕು ಅಂತ ಯಾರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀರಿ: ಮೇಲೊಂದು ಅಂತಸ್ತು ಕಟ್ಟಿಸುತ್ತಿದ್ದೀರಿ, ಪಕ್ಕದ ಜಾಗ ಸುಮ್ನೆ ವೇಸ್ಟು, ಸೇರಿಸಿಕೊಳ್ಳಿ ಅಂತ ಮೇಸ್ತ್ರಿ ಹೇಳುತ್ತಿದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಪ್ಲಾನಿನಲ್ಲಿ ಇದ್ದಷ್ಟು ಜಾಗ ಬಿಡಿ, ಅದರ ಮೇಲೆ ಬಾಲ್ಕನಿಯನ್ನೂ ಚಾಚಬೇಡಿ. ಸಾಧ್ಯವಾದರೆ ಆ ಅಂತಸ್ತನ್ನೇ ಕೈಬಿಡಿ. ಮಕ್ಕಳಿಗೆ ಒಂದು ರೂಮು ಜಾಸ್ತಿ ಬೇಕು ಅನ್ನುತ್ತೀರಿ, ನಿಜ. ಅದರ ಕಿಟಕಿ ತೆರೆಯುವುದೂ ಇದೇ ರಸ್ತೆಗೆ ಅಲ್ವಾ?