ಹಳೇ ಆಫೀಸ್ ಡೆಸ್ಕ್‌ಟಾಪ್‌ನಲ್ಲಿ ಗೇಮ್: ದುಡ್ಡು ತೆಗೆಯೋ ಮೊದಲು ಸೈಡ್ ಡೋರ್ ತೆಗೀರಿ

ಡೆಲ್ ಆಪ್ಟಿಪ್ಲೆಕ್ಸ್ 9020 ಟವರ್, ನಾಲ್ಕನೇ ಜನರೇಷನ್ ಐ5, 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. ಕೈಯಲ್ಲಿ 15 ಸಾವಿರ ಇದೆ, ಜಿಟಿಎ 5, ವ್ಯಾಲರಂಟ್ ಆಡೋಕೆ ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಲಿ ಅಂತ ಕೇಳಿದ್ದೀರಿ. ನನ್ನ ಮನೇಲಿರೋದೂ ಅದೇ ಮಷೀನ್. ಧಾರಾಳವಾಗಿ ಆಡಬಹುದು. ಆದರೆ ಕಾರ್ಡ್ ಯಾವುದು ಅಂತ ತೀರ್ಮಾನ ಮಾಡೋದು ಒಳಗೆ ಕೂತು ಇಡೀ ಮಷೀನಿಗೆ ಕರೆಂಟ್ ಹಂಚೋ ಎಸ್‌ಎಂಪಿಎಸ್.

ಡೋರ್ ತೆಗೆದು ಅದರ ಸ್ಟಿಕರ್ ಓದಿ. 290 ವಾಟ್ ಅಂತಿರುತ್ತೆ, ಗ್ರಾಫಿಕ್ಸ್ ಕಾರ್ಡ್‌ಗೆ ಅಂತ ಬೇರೆ 6 ಪಿನ್ ವೈರ್ ಇರಲ್ಲ. ಬೋರ್ಡ್ ಮೇಲಿನ ಸ್ಲಾಟ್ ಕೊಡೋದು ಹೆಚ್ಚೆಂದರೆ 75 ವಾಟ್. ಅಷ್ಟರಲ್ಲೇ ಸಂಸಾರ ಮಾಡೋ ಕಾರ್ಡ್ ಬೇಕು. ನನ್ನ ಆಯ್ಕೆ ಜಿಟಿಎಕ್ಸ್ 1650, ಸೆಕೆಂಡ್ ಹ್ಯಾಂಡ್. ಇದರಲ್ಲೂ ಕೆಲವು ಮಾಡೆಲ್ 6 ಪಿನ್ ಕೇಳುತ್ತವೆ, ಕಾರ್ಡಿನ ಮೇಲಂಚಿನ ಫೋಟೋ ತರಿಸಿಕೊಂಡು ನೋಡಿ. ಆರ್‌ಎಕ್ಸ್ 6400ಕ್ಕೂ ಬೇರೆ ವೈರ್ ಬೇಡ, ಆದರೆ ಅದು ಡೇಟಾ ಓಡಾಡೋ ದಾರಿ, ಅಂದರೆ ಲೇನ್, ಬರೀ 4 ಬಳಸುತ್ತೆ. ನಮ್ಮ ಬೋರ್ಡಿನ ಸ್ಲಾಟ್ ಹಳೇ ಪಿಸಿಐಇ 3.0, ಸ್ಪೀಡ್ ಅಲ್ಲೇ ಸೋರಿಹೋಗುತ್ತೆ.

'ಎಸ್‌ಎಂಪಿಎಸ್ಸೇ ಬದಲಾಯಿಸಿದರೆ?' ನಾನೂ ಹಾಗೇ ಅಂದುಕೊಂಡೆ. ಆಸೆಬಿದ್ದು ಬೇರೆ ವೈರ್ ಕೇಳೋ ಹಳೇ ಆರ್‌ಎಕ್ಸ್ 570 ತಂದೆ. ಈ ಬೋರ್ಡಿಗೆ ಮಾಮೂಲಿ 24 ಪಿನ್ ಕೂರಲ್ಲ, 8 ಪಿನ್ ಬೇಕು. ಕನ್ವರ್ಟರ್ ಕೇಬಲ್ಲೂ 500 ವಾಟ್ ಅಂತ ಬರೆದಿದ್ದ ಹೆಸರಿಲ್ಲದ ಡಬ್ಬಾನೂ ತಂದು ಹಾಕಿದೆ. ಮೂರನೇ ರಾತ್ರಿ ಆಟದ ಮಧ್ಯೆ 'ಟಪ್' ಅಂತು. ರೂಮೆಲ್ಲಾ ಸುಟ್ಟ ವಾಸನೆ. ಬೋರ್ಡ್ ಉಳಿದಿದ್ದು ನನ್ನ ಪುಣ್ಯ. ಹಳೇ 290 ವಾಟೇ ವಾಪಸ್ ಬಂತು, 570 ಮಾರಿ 1650 ತಂದೆ.

ಕಾರ್ಡ್ ತರೋ ಮೊದಲೇ ಹಾರ್ಡ್ ಡಿಸ್ಕಿಗಿಂತ ಎಷ್ಟೋ ವೇಗದ ಎಸ್‌ಎಸ್‌ಡಿ ಹಾಕಿ. 480 ಜಿಬಿ ಇರಲಿ, ಜಿಟಿಎ ಒಂದೇ 100 ಜಿಬಿ ದಾಟುತ್ತೆ. ಹಾರ್ಡ್ ಡಿಸ್ಕ್‌ನಲ್ಲಿ ಕಾರು ಜೋರಾಗಿ ಓಡಿಸಿದರೆ ಮುಂದಿನ ರಸ್ತೆ ಇನ್ನೂ ಮೂಡಿರೋದೇ ಇಲ್ಲ. ರ‍್ಯಾಮ್ 8 ಜಿಬಿಯ ಒಂದೇ ಸ್ಟಿಕ್ ಇದ್ದರೆ ಇನ್ನೊಂದು 8 ಜಿಬಿ ಡಿಡಿಆರ್3 ಹಾಕಿ, ಎರಡೂ ಬೇರೆ ಬೇರೆ ಮೆಮೊರಿ ದಾರಿಯಲ್ಲಿ, ಅಂದರೆ ಬೇರೆ ಬೇರೆ ಚಾನೆಲ್‌ನಲ್ಲಿ ಕೂರಬೇಕು. ಪ್ರೊಸೆಸರ್ ಬದಲಾಯಿಸೋಕೆ ಹೋಗಬೇಡಿ, ಅದರ ಬಿಸಿಯನ್ನ ಫ್ಯಾನಿನ ಕಡೆ ದಾಟಿಸೋ ಪೇಸ್ಟ್ ಮಾತ್ರ ಹೊಸದು ಹಚ್ಚಿ. ನನ್ನದರಲ್ಲಿ ಅದು ಒಣಗಿ ಸುಣ್ಣದ ಹಾಗೆ ಉದುರಿತು, ಫ್ಯಾನಿನಡಿ ಒಂದು ಜಿರಲೆ ಕೂಡ ಸಿಕ್ಕಿತು.

ವಿಂಡೋಸ್ 11 ಬಲವಂತವಾಗಿ ಹಾಕಬೇಡಿ. ಅದರಲ್ಲಿ ವ್ಯಾಲರಂಟ್ ಟಿಪಿಎಂ ಅನ್ನೋ ಸೆಕ್ಯೂರಿಟಿ ಚಿಪ್ಪಿನ 2.0 ವರ್ಷನ್ ಕೇಳುತ್ತೆ, ಈ ಬೋರ್ಡಲ್ಲಿರೋದು 1.2. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಬ್ಯಾಂಕ್ ವ್ಯವಹಾರ ಈ ಮಷೀನಲ್ಲಿ ಬೇಡ.

ಕಾರ್ಡ್ ಕೊಳ್ಳುವಾಗ ಎದುರಿಗೇ ಹಾಕಿಸಿ, ಕಾರ್ಡ್ ನಿಜವಾಗಿ ಯಾವುದು ಅಂತ ತೋರಿಸೋ ಜಿಪಿಯು-ಝಡ್ ಪ್ರೋಗ್ರಾಂ ಓಡಿಸಿ ನೋಡಿ. ಹಳೇ ಕಾರ್ಡಿಗೆ ಹೊಸ ಹೆಸರು ತುಂಬಿ ಮಾರೋರು ಇದ್ದಾರೆ.

ಇನ್ನೊಂದು ವಿಷಯ, ನಿಮ್ಮ ಮಾನಿಟರ್ ಹಳೇ ನೀಲಿ ವಿಜಿಎ ಕೇಬಲ್ಲಿನದಾದರೆ 1650ರಲ್ಲಿ ಆ ಪೋರ್ಟೇ ಇರಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಕನ್ವರ್ಟರ್ ತಗೊಂಡು ಕಾರ್ಡಿಗೇ ಚುಚ್ಚಿ. ನಾನು ಕೇಬಲ್ ಮದರ್‌ಬೋರ್ಡಿಗೇ ಚುಚ್ಚಿಕೊಂಡು, ಸ್ಕ್ರೀನ್ ಕಪ್ಪಗಿದೆ ಅಂತ ಇಡೀ ಭಾನುವಾರ ಕಾರ್ಡ್ ಮಾರಿದ ಹುಡುಗನ ಜೊತೆ ಫೋನಲ್ಲಿ ಜಗಳ ಆಡಿದ್ದೆ.