'ಕೃಪೆ: ಗೂಗಲ್' ಹಾಕಿದ್ರೆ ಸಾಕಾ?

ಗೂಗಲಲ್ಲಿ ಸಿಕ್ಕಿದ ಮಲ್ಪೆ ಬೀಚ್ ಫೋಟೋವನ್ನ 'ಕೃಪೆ: ಗೂಗಲ್' ಅಂತ ಬರ್ದು ನಿಮ್ಮ ನ್ಯೂಸ್ ಸೈಟಿಗೆ ಹಾಕ್ಬಹುದಾ ಅಂತ ಕೇಳಿದ್ರಲ್ಲ, ಬೇಡ ಮಾರಾಯ್ರೆ. ಗೂಗಲ್ ಹುಡುಕಿ ಕೊಡುದು ಮಾತ್ರ, ಹಕ್ಕು ಅದರದ್ದಲ್ಲ. ಸೀದಾ ವಿಕಿಮೀಡಿಯ ಕಾಮನ್ಸ್‌ಗೆ (ಎಲ್ಲರೂ ಬಳಸ್ಬಹುದಾದ ಫೋಟೋಗಳ ಸೈಟ್) ಹೋಗಿ, ಅಲ್ಲಿ ಪ್ರತಿ ಫೋಟೋದ ಕೆಳಗೆ ಲೈಸೆನ್ಸ್ ಬರ್ದಿರ್ತದೆ, ಸಿಸಿ ಬೈ-ಎಸ್ಎ 4.0 (ಹೆಸ್ರು ಹಾಕಿ ಬಳಸ್ಲಿಕ್ಕೆ ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್) ಅಂತ ಇದ್ರೆ ಫೋಟೋ ತೆಗೆದವರ ಹೆಸ್ರು, ಲೈಸೆನ್ಸ್ ಹೆಸ್ರು, ಅದರ ಲಿಂಕ್ ಮೂರೂ ಹಾಕ್ಬೇಕು, ಕ್ರಾಪ್ ಮಾಡಿದ್ರೆ ಅದನ್ನೂ ಹೇಳ್ಬೇಕು. ಬೇರೆ ಸೈಟಿನ ಫೋಟೋದಲ್ಲಿ ಎನ್‌ಸಿ, ಅಂದ್ರೆ ವ್ಯಾಪಾರಕ್ಕೆ ಬಳಸ್ಬಾರ್ದು ಅಂತ ಕಂಡ್ರೆ ಬಿಟ್ಬಿಡಿ, ಜಾಹೀರಾತು ಇರುವ ಸೈಟಿಗೆ ಅದು ಆಗುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 52ರಲ್ಲಿ ಸುದ್ದಿಗೆ ಸ್ವಲ್ಪ ವಿನಾಯ್ತಿ ಉಂಟು, ಆದ್ರೆ ಅದನ್ನೇ ನಂಬಿ ಬೇರೆ ಪೇಪರಿನವ್ರ ಫೋಟೋ ಎತ್ಬೇಡಿ. ನೆರೆ ನೀರಲ್ಲಿ ಸೊಂಟದವರೆಗೆ ನಿಂತು ತೆಗೆದವರ ಹೊಟ್ಟೆಪಾಡು ಅದು. ಮಲ್ಪೆ ಉಡುಪಿಯಿಂದ ಎಷ್ಟು ದೂರ ಹೇಳಿ, ಮೊಬೈಲ್ ಹಿಡ್ಕೊಂಡು ನೀವೇ ಹೋಗಿ ಬನ್ನಿ.